ಗಿಣಿಗೆ ಕೋಳಿ ಕಾಲು

ನವೆಂಬರ್‌ನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಪೋಸ್ಟರ್ ನೋಡಿದ್ರಲ್ಲ, ಹಳದಿ-ಕೆಂಪು ಹಿನ್ನೆಲೆ, ಮಧ್ಯದಲ್ಲಿ ದೊಡ್ಡ ಗಿಳಿ? ಅದನ್ನು ಮಾಡಿದ್ದು ನಾನೇ. ಮಾಡಿದ್ದು ಅಂದ್ರೆ, ಎಐಗೆ ಎರಡು ಸಾಲು ಟೈಪ್ ಮಾಡಿದ್ದು. ಕಾಫಿ ಆರುವ ಮೊದಲೇ ಗಿಳಿ ರೆಡಿ. ಎಲ್ಲರೂ ಸೂಪರ್ ಅಂದ್ರು. ಸ್ಟೇಟಸ್‌ಗೆ ಹಾಕಿಕೊಂಡೆ. ಕೆರಾಡಿಯಲ್ಲಿರುವ ಅಜ್ಜಿ ಅದನ್ನು ನೋಡಿ ಫೋನ್ ಮಾಡಿದ್ರು.

"ಚಂದ ಇತ್ತ್ ಮಗಾ. ಗಿಣಿಗೆ ಕೋಳಿ ಕಾಲ್ ಹಾಕಿದ್ದ್ ಎಂತಕೆ?"

ಝೂಮ್ ಮಾಡಿ ನೋಡಿದೆ. ಮುಂದೆ ಮೂರು ಬೆರಳು, ಹಿಂದೆ ಒಂದು. ಗಿಳಿಗೆ ಇರುವುದು ಮುಂದೆ ಎರಡು, ಹಿಂದೆ ಎರಡು. ಇಡೀ ಕ್ಯಾಂಪಸ್ ನೋಡಿದ ಪೋಸ್ಟರ್, ಹೇಳಿದ್ದು ಅಜ್ಜಿ ಒಬ್ಬರೇ.

ಇದು ಅಲ್ಲಿಗೇ ಮರೆತುಹೋಗುತ್ತಿತ್ತು. ಆದರೆ ಇಂಟರ್ನಲ್ಸ್‌ಗೆ ಐಸಿ ಫ್ಯಾಬ್ರಿಕೇಶನ್ ಓದುವಾಗ ಲಿಥೋಗ್ರಫಿ ಅಂತ ಇಮೇಜ್ ಸರ್ಚ್ ಕೊಟ್ಟೆ. ಫೋಟೋರೆಸಿಸ್ಟ್, ಮಾಸ್ಕ್, ಯುವಿ ಲೈಟ್ ಬರಬೇಕಿತ್ತು, ಬಂದದ್ದು ಗಿಳಿಗಳು! ಚಿಪ್‌ಗೆ ಬರುವ ಮೊದಲು ಆ ಪದದ ಅರ್ಥ ಕಲ್ಲಚ್ಚು ಅಂತ ನನಗೆ ಗೊತ್ತೇ ಇರಲಿಲ್ಲ. ನಯವಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುವುದು, ಕಲ್ಲನ್ನು ಒದ್ದೆ ಮಾಡುವುದು, ಎಣ್ಣೆಶಾಯಿ ಉರುಳಿಸುವುದು. ನೀರು ಕುಡಿದ ಜಾಗ ಶಾಯಿಯನ್ನು ಬಿಡುತ್ತೆ, ಜಿಡ್ಡಿದ್ದ ಜಾಗ ಹಿಡಿಯುತ್ತೆ. ಮೇಲೆ ಕಾಗದ ಒತ್ತಿದರೆ ಚಿತ್ರ ಉಲ್ಟಾ ಆಗಿ ಬರುತ್ತೆ, ಹಾಗಾಗಿ ಮೊದಲೇ ಉಲ್ಟಾ ಯೋಚಿಸಿ ಬರೆಯಬೇಕು.

ಆ ಗಿಳಿಗಳಲ್ಲಿ ಒಂದು ನಮ್ಮದು. ಪಾರಿವಾಳದಂಥ ಬೂದು ಮೈ, ನೀಲಿ ರೆಕ್ಕೆ, ಕುತ್ತಿಗೆಗೆ ಕಪ್ಪು ಪಟ್ಟಿ, ಅದರ ಕೆಳಗೆ ನೀಲಿ-ಹಸಿರು ಪಟ್ಟಿ. ಇಂಗ್ಲಿಷ್‌ನವರು ಮಲಬಾರ್ ಪ್ಯಾರಕೀಟ್ ಅಂತಾರೆ. ಕರಾವಳಿಯ ಹೆಸರು ಹೊತ್ತಿದ್ದರೂ ಇದು ಪಶ್ಚಿಮ ಘಟ್ಟದ ಹಕ್ಕಿ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1830ರಲ್ಲಿ ವಿಗರ್ಸ್ ಅನ್ನುವವರು ಇದಕ್ಕಿಟ್ಟ ವೈಜ್ಞಾನಿಕ ಹೆಸರಿನ ಅರ್ಥವೂ ಪಾರಿವಾಳದ ಹಾಗಿರುವುದು ಅಂತಲೇ. ಚಿತ್ರ ಬರೆದವನು ಎಡ್ವರ್ಡ್ ಲಿಯರ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ 'ಔಲ್ ಅಂಡ್ ದ ಪುಸ್ಸಿಕ್ಯಾಟ್' ನೆನಪಿರಬಹುದು, ಅದೇ ಲಿಯರ್. ಗಿಳಿಗಳ ಪುಸ್ತಕ ಶುರು ಮಾಡಿದಾಗ ಅವನಿಗೆ 18, 1832ರಲ್ಲಿ ನಿಲ್ಲಿಸಿದಾಗ 19. ಅಂದರೆ ನನ್ನ ವಯಸ್ಸು. (ನಾನು ಈ ವಯಸ್ಸಿನಲ್ಲಿ ಮುಗಿಸಿದ್ದು ಒಂದು ಮ್ಯಾಥ್ಸ್ ಬ್ಯಾಕ್‌ಲಾಗ್.)

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ವಿಧಾನ. ಆಗ ಹೆಚ್ಚಿನವರು ಹೊಟ್ಟು ತುಂಬಿದ ಸತ್ತ ಹಕ್ಕಿ ಇಟ್ಟುಕೊಂಡು ಬರೀತಿದ್ರು. ಈತ ಲಂಡನ್ ಝೂಗೆ ಹೋಗಿ, ಅಲ್ಲಿನ ನೌಕರ ಜೀವಂತ ಗಿಳಿಯನ್ನು ಹಿಡಿದುಕೊಂಡಿರುವಾಗ ರೆಕ್ಕೆ, ಕಾಲು ಅಳತೆ ತೆಗೆದುಕೊಳ್ಳುತ್ತಿದ್ದ. ಆಮೇಲೆ ತಾನೇ ಕಲ್ಲಿನ ಮೇಲೆ ಬರೆಯುತ್ತಿದ್ದ. 42 ಚಿತ್ರ, ಒಂದೊಂದಕ್ಕೂ 175 ಪ್ರತಿ, ಆಮೇಲೆ ಕಲ್ಲು ಅಳಿಸಿ ಮುಂದಿನದಕ್ಕೆ. ಗುಣಿಸಿದರೆ 7,350 ಹಾಳೆ. ಅಚ್ಚಾಗುತ್ತಿದ್ದದ್ದು ಕಪ್ಪು ಗೆರೆ ಮಾತ್ರ, ಬಣ್ಣವನ್ನು ಬಣ್ಣಗಾರರು ಹಾಳೆ ಹಾಳೆಗೂ ಕೈಯಲ್ಲೇ ಹಚ್ಚಬೇಕಿತ್ತು. 14 ಕಂತು ಅಂದುಕೊಂಡದ್ದು 12ಕ್ಕೇ ನಿಂತಿತು.

ಅಜ್ಜಿಗೆ ಈ ಚಿತ್ರ ಕಳಿಸಿದೆ. ಬಾಯಲ್ಲಿ ಹೆಸರಿಗೆ ತಡವೇ ಆಗಲಿಲ್ಲ. "ಇದ್ ಕಾಡ್ ಗಿಣಿ ಅಲ್ದಾ? ಹಾಲುವಾಣದ್ ಹೂ ತಿಂಬುಕೆ ಬತ್ತ್." ಸುಮಾರು 190 ವರ್ಷ ಹಿಂದೆ ಲಂಡನ್ನಿನ ಹುಡುಗ ಬರೆದದ್ದನ್ನು ಕೆರಾಡಿಯ ಅಜ್ಜಿ ನೋಡಿದ ತಕ್ಷಣ ಗುರುತು ಹಿಡಿದರು. ಅವರ ಮೊಮ್ಮಗ, ಅದೇ ಊರಲ್ಲಿ ಬೇಸಿಗೆ ರಜೆಗಳನ್ನೆಲ್ಲ ಕಳೆದವನು, ಮಾಡಿಸಿದ ಗಿಳಿ ಮಾತ್ರ ಅವರಿಗೆ ಕೋಳಿ.

ಹಾಗಾಗಿ ನನ್ನ ವಾದ ಇಷ್ಟೇ. ಮುಂದಿನ ವರ್ಷದಿಂದ ನಮ್ಮ ಪತ್ರಿಕೆಯ ಮುಖಪುಟಕ್ಕೂ ಪೋಸ್ಟರ್‌ಗೂ ಎಐ ಚಿತ್ರ ಬೇಡ. ನಮ್ಮೂರಲ್ಲಿ ನಾವೇ ನೋಡಿದ್ದನ್ನು ನಾವೇ ಬರೆಯೋಣ. ರೂಮ್‌ಮೇಟ್ ಒಪ್ಪಲ್ಲ. "ಲಿಯರ್ ಕೂಡ ಆಗಿನ ಹೊಸ ಟೆಕ್ನಾಲಜಿನೇ ಬಳಸಿದ್ದು ತಾನೇ, ನಾವು ಬಳಸಿದ್ರೆ ಏನು ತಪ್ಪು?" ಅಂತಾನೆ. ಪಾಯಿಂಟ್ ಸರಿ ಇದೆ. ಕಲ್ಲಚ್ಚು ಆಗ ಹೊಸದೇ. ಆದರೆ ಆ ಕಲ್ಲು ಅವನ ಪರವಾಗಿ ಗಿಳಿಯನ್ನು ನೋಡಲಿಲ್ಲ. ನೋಡುವ ಕೆಲಸವನ್ನು ನಾನು ಬೇರೆಯವರಿಗೆ ಕೊಟ್ಟೆ, ಬಂದ ಉತ್ತರವನ್ನು ಚೆಕ್ ಕೂಡ ಮಾಡಲಿಲ್ಲ. ಲ್ಯಾಬ್‌ನಲ್ಲಿ ರೀಡಿಂಗ್ ತೆಗೆಯದೆ ಗ್ರಾಫ್ ಹಾಕಿದ್ರೆ ರೆಕಾರ್ಡ್ ಬುಕ್ ವಾಪಸ್ ಮುಖಕ್ಕೆ ಬರುತ್ತೆ, ಪೋಸ್ಟರ್‌ಗೆ ಮಾತ್ರ ಯಾಕೆ ರಿಯಾಯಿತಿ?

ಹಾಗಾದ್ರೆ ಲಿಯರ್ ಚಿತ್ರವನ್ನೇ ಡೌನ್‌ಲೋಡ್ ಮಾಡಿ ಹಾಕೋಣ, ಕಾಪಿರೈಟ್ ಇಲ್ಲ ಅಂದರು ಇನ್ನೊಬ್ಬರು. ಅದೂ ಬೇಡ ಅನ್ನಿಸುತ್ತೆ. ಅವನು ಬರೆದದ್ದು ಸೆರೆಯಲ್ಲಿದ್ದ ಗಿಳಿಗಳನ್ನು. ಇವತ್ತು ಇಲ್ಲಿ ಗಿಳಿಯನ್ನು ಗೂಡಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅದೂ ಅಲ್ಲದೆ ಆ ಪುಸ್ತಕದಲ್ಲಿ ಚಿತ್ರ ಬಿಟ್ಟರೆ ವಿವರಣೆಯೇ ಇಲ್ಲ. ಯಾವ ಮರಕ್ಕೆ ಬರುತ್ತೆ, ಯಾವಾಗ ಬರುತ್ತೆ, ಆ ಭಾಗ ಅಜ್ಜಿ ಹತ್ರ ಇದೆ.

ಜನವರಿ ರಜೆಯಲ್ಲಿ ಕೆರಾಡಿಗೆ ಹೋದೆ. ('ಕಾಂತಾರ' ಬಂದ ಮೇಲೆ ಊರು ಎಲ್ಲಿದೆ ಅಂತ ವಿವರಿಸುವ ಕಷ್ಟ ತಪ್ಪಿದೆ.) ತೋಟದ ಹಾಲುವಾಣದ ಕೆಳಗೆ ಮೂರು ಬೆಳಿಗ್ಗೆ ಕೂತೆ. ಎರಡು ದಿನ ಬರೀ ಕೂಗು, ತಲೆಯೆತ್ತುವಷ್ಟರಲ್ಲಿ ಹಾರಿಹೋಗಿರುತ್ತಿತ್ತು. ಮೂರನೇ ದಿನ ಒಂದು ಕೂತು ಹೂವಿಗೆ ಕೊಕ್ಕು ಹಾಕಿತು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪೆನ್ಸಿಲ್‌ನಿಂದ ಬರೆದೆ. ಅಜ್ಜಿ ನೋಡಿ ನಕ್ಕರು. ಅದನ್ನೇ ಸಂಪಾದಕರಿಗೆ ಕೊಟ್ಟಿದ್ದೇನೆ. ಕೊಕ್ಕು ಮಾವಿನಕಾಯಿ ಥರ ಬಂದಿದೆ, ಬಾಲ ಹಾಳೆಯಿಂದ ಹೊರಗೆ ಹೋಗಿದೆ. ಬೆರಳು ಮಾತ್ರ ಬೇಕಾದರೆ ಎಣಿಸಿ ನೋಡಿ.