ತಂಗಳು ರೊಟ್ಟಿ ಮತ್ತು ಫ್ರೆಂಚ್ ಟೋಸ್ಟ್



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮ ಮನೆಗಳಲ್ಲಿಯೂ ಈಗ ಬೆಳಗಿನ ತಿಂಡಿಯಾಗಿ ಫ್ರೆಂಚ್ ಟೋಸ್ಟ್ ಕಾಣಿಸಿಕೊಳ್ಳುತ್ತಿದೆ. ಹಿರಿಯರು ಇದನ್ನು ಪರದೇಶದ ತಿಂಡಿಯೆಂದು ಮೂಗು ಮುರಿಯುತ್ತಾರೆ. ಕಿರಿಯರು ಹೊಸದೊಂದನ್ನು ಕಲಿತೆವೆಂದು ಹಿಗ್ಗುತ್ತಾರೆ. ಆದರೆ ಮುಖ್ಯವಾದ ಒಂದು ಸಂಗತಿಯನ್ನು ಇಬ್ಬರೂ ಗಮನಿಸಿದಂತಿಲ್ಲ. ಫ್ರೆಂಚ್ ಟೋಸ್ಟ್ ಮೂಲತಃ ತಂಗಳು ಬ್ರೆಡ್ಡಿನ ತಿಂಡಿ.

ಫ್ರೆಂಚರು ಇದಕ್ಕಿಟ್ಟಿರುವ ಹೆಸರು ‘ಪಾಂ ಪೆರ್ದ್ಯೂ’. ಅಂದರೆ ‘ಕೈಬಿಟ್ಟುಹೋದ ರೊಟ್ಟಿ’. ಒಣಗಿ ಗಟ್ಟಿಯಾಗಿ, ಇನ್ನು ಪ್ರಯೋಜನಕ್ಕೆ ಬಾರದು ಎನಿಸಿದ್ದನ್ನು ಹಾಲಿನಲ್ಲಿ ನೆನೆಸಿ ಮರಳಿ ಪಡೆದುಕೊಳ್ಳುವುದೇ ಇದರ ಉದ್ದೇಶ. ಜರ್ಮನರು ಇದನ್ನು ‘ಬಡ ಯೋಧರು’ ಎಂದು ಕರೆಯುತ್ತಾರೆ. ಸ್ಪೇನಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಲ್ಲಿ ‘ತೊರ್ರಿಹಾಸ್’ ಎಂಬ ಹೆಸರಿನಲ್ಲಿ ಇದನ್ನೇ ಮಾಡುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ಅಪೀಷಿಯಸ್ ಎಂಬ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ರೋಮಿನ ಪಾಕಗ್ರಂಥದಲ್ಲಿಯೂ ರೊಟ್ಟಿಯ ತುಂಡುಗಳನ್ನು ಹಾಲಿನಲ್ಲಿ ಅದ್ದಿ, ಕರಿದು, ಮೇಲೆ ಜೇನು ಸುರಿಯುವ ವಿಧಾನವಿದೆ. ನಮ್ಮ ಹೋಟೆಲುಗಳಲ್ಲಿ ಅದೇ ತಿಂಡಿ ‘ಬಾಂಬೆ ಟೋಸ್ಟ್’ ಆಯಿತು.

ಈ ಜಾಣತನ ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮದು ಮಳೆಯನ್ನು ನೆಚ್ಚಿ ಬದುಕುವ ಸೀಮೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1876–78ರ ಮಹಾಕ್ಷಾಮ ಆ ಜಿಲ್ಲೆಯನ್ನು ಹಿಂಡಿಹಾಕಿತು. ಇಂತಹ ಸೀಮೆಯ ಜನರಿಗೆ ಕಾಳಿನ ಬೆಲೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಜೋಳದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ ವಾರಗಟ್ಟಲೆ ಇಟ್ಟುಕೊಂಡರು. ಉಳಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಂಡರು. ಪುಡಿ ಮಾಡಿ, ನೀರು ಚಿಮುಕಿಸಿ ಒಗ್ಗರಣೆ ಹಾಕಿದರು. ನಾವು ಪ್ರತಿದಿನ ತಿನ್ನುವ ಒಗ್ಗರಣೆ ಮಂಡಕ್ಕಿಯನ್ನೇ ನೋಡಿ. ಒಣಗಿದ ಪದಾರ್ಥವನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಗ್ಗರಣೆಯಲ್ಲಿ ಬಿಸಿ ಮಾಡುತ್ತೇವೆ. ಇದು ಬಲ್ಲವರಿಗೆ ಫ್ರೆಂಚ್ ಟೋಸ್ಟಿನ ಅರ್ಧ ವಿದ್ಯೆ ಆಗಲೇ ಬಂದಿದೆ.

ಹಾಗಿದ್ದರೂ ಒಂದು ವ್ಯತ್ಯಾಸವಿದೆ. ಈ ಲೇಖನ ಬರೆಯಲು ಕೂತಿರುವುದೇ ಅದಕ್ಕಾಗಿ.

ಫ್ರೆಂಚ್ ಟೋಸ್ಟ್ ಮನೆಯವರೆಲ್ಲರ ತಿಂಡಿ. ನಮ್ಮ ತಂಗಳು ರೊಟ್ಟಿ ಒಬ್ಬರ ಪಾಲು. ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಮೊದಲು ಅಪ್ಪನಿಗೆ, ಹೊಲಕ್ಕೆ ಹೋಗುವವರಿಗೆ, ಆನಂತರ ಶಾಲೆಗೆ ಹೊರಟ ನಮಗೆ ಬಡಿಸಲ್ಪಡುತ್ತಿತ್ತು. ಅವ್ವ ಎಲ್ಲರದ್ದೂ ಮುಗಿದ ಮೇಲೆ ಬುಟ್ಟಿಯ ತಳದಲ್ಲಿದ್ದ ಹಿಂದಿನ ದಿನದ ರೊಟ್ಟಿ ತೆಗೆದುಕೊಂಡು, ಒಲೆಯ ಮುಂದೆಯೇ ಕೂತು, ನಮಗೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ಬಿಸಿ ರೊಟ್ಟಿ ತಿನ್ನವ್ವಾ ಎಂದರೆ “ನನಗ ಇದ ರುಚಿ” ಎನ್ನುತ್ತಿದ್ದಳು. ಬಿಸಿ ರೊಟ್ಟಿ ಬಡಿಯುವ ಕೈಗೆ ಬಿಸಿ ರೊಟ್ಟಿಯ ರುಚಿ ತಿಳಿಯದೆ ಇರುತ್ತದೆಯೇ? ನಿಮ್ಮಲ್ಲಿ ಬಹಳ ಜನರ ಮನೆಗಳಲ್ಲಿಯೂ ಇದೇ ನಡೆದಿತ್ತು. ಕೆಲವು ಮನೆಗಳಲ್ಲಿ ಈಗಲೂ ನಡೆಯುತ್ತಿದೆ. ಅವ್ವನ ಸ್ಥಾನದಲ್ಲಿ ಸೊಸೆ ಕೂತಿದ್ದಾಳೆ, ಅಷ್ಟೆ.

ತಂಗಳನ್ನು ಉಣ್ಣುವುದು ಕೀಳಲ್ಲ. ಅದನ್ನು ಯಾವಾಗಲೂ ಒಬ್ಬಳೇ ಉಣ್ಣಬೇಕೆಂಬ ಕಟ್ಟಳೆ ಕೀಳು. ಇದು ನನ್ನ ಅಭಿಪ್ರಾಯ.

ತಂಗಳು ಬ್ರೆಡ್ಡೇ ಏಕೆ ಬೇಕು ಎಂಬುದಕ್ಕೆ ವಿಜ್ಞಾನದ ಕಾರಣವೂ ಇದೆ. ಬ್ರೆಡ್ ಗಟ್ಟಿಯಾಗುವುದು ನೀರು ಆರಿಹೋಗುವುದರಿಂದ ಮಾತ್ರವಲ್ಲ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸಿಂಗೋ 1852ರಲ್ಲಿಯೇ ತೋರಿಸಿದನು. ತೇವ ಹೊರಹೋಗದಂತೆ ಮುಚ್ಚಿಟ್ಟರೂ ಅದು ಗಟ್ಟಿಯಾಗುತ್ತದೆ. ಬೇಯುವಾಗ ಸಡಿಲಗೊಂಡ ಪಿಷ್ಟದ ಕಣಗಳು ತಣ್ಣಗಾದಂತೆ ಮತ್ತೆ ಒತ್ತಾಗಿ ಕೂಡಿಕೊಳ್ಳುವುದೇ ಇದರ ಕಾರಣ. ಫ್ರಿಜ್ಜಿನ ತಂಪಿನಲ್ಲಿ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಹೊಸ ಬ್ರೆಡ್ ಹಾಲಿನಲ್ಲಿ ಕರಗಿ ಮುದ್ದೆಯಾದರೆ, ಗಟ್ಟಿಯಾದ ಬ್ರೆಡ್ ಹಾಲನ್ನು ಕುಡಿದೂ ಆಕಾರ ಬಿಡುವುದಿಲ್ಲ. ಆದರೆ ಒಂದು ಎಚ್ಚರಿಕೆ: ತಂಗಳು ಬೇರೆ, ಕೆಟ್ಟದ್ದು ಬೇರೆ. ಒಂದು ಚುಕ್ಕೆಯಷ್ಟು ಬೂಷ್ಟು ಕಂಡರೂ ಆ ಬ್ರೆಡ್ಡನ್ನು ಎಸೆಯಬೇಕು. ಬೂಷ್ಟಿನ ಬೇರು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತದೆ.

ಮಾಡುವ ಬಗೆ ಸರಳ. ಎಂಟು ತುಂಡು ಬ್ರೆಡ್ಡಿಗೆ ಎರಡು ಮೊಟ್ಟೆ, ಒಂದು ಲೋಟ ಹಾಲು, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ ಪುಡಿ ಸೇರಿಸಿ ಚೆನ್ನಾಗಿ ಕಲಕಬೇಕು. ಮೊಟ್ಟೆ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಅವರು ಮೊಟ್ಟೆಯ ಬದಲು ಮೂರು ಚಮಚ ಕಡಲೆ ಹಿಟ್ಟನ್ನು ಗಂಟಿಲ್ಲದಂತೆ ಹಾಲಿನಲ್ಲಿ ಕದಡಿಕೊಳ್ಳಬಹುದು. ಖಾರ ಬೇಕೆಂದರೆ ಸಕ್ಕರೆ, ಏಲಕ್ಕಿ ಬಿಟ್ಟು ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ. ಬ್ರೆಡ್ಡಿನ ಎರಡೂ ಮೈ ಅದ್ದಿ, ದೋಸೆಯ ಹಂಚಿನ ಮೇಲೆ ತುಪ್ಪ ಸವರಿ, ನಡುವಿನ ಉರಿಯಲ್ಲಿ ಎರಡೂ ಬದಿ ಕೆಂಪಗಾಗುವಂತೆ ಬೇಯಿಸಿರಿ. ಉರಿ ಹೆಚ್ಚಾದರೆ ಹೊರಗೆ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಇಲ್ಲಿಯೂ ಹಳೆಯ ಕಟ್ಟಳೆ ಹಿಂಬಾಗಿಲಿನಿಂದ ಬರುತ್ತದೆ. ಈ ತಿಂಡಿ ಹಂಚಿನಿಂದ ಇಳಿದ ಕೂಡಲೇ ರುಚಿ, ಆರಿದರೆ ಮೆತ್ತಗಾಗುತ್ತದೆ. ಒಬ್ಬಳೇ ಒಲೆಯ ಮುಂದೆ ನಿಂತು ಎಲ್ಲರಿಗೂ ಬೇಯಿಸಿದರೆ ಅವಳ ಪಾಲಿಗೆ ಉಳಿಯುವುದು ಆರಿದ ಕೊನೆಯ ತುಂಡು. ತಂಗಳನ್ನು ಬಿಸಿ ಮಾಡಿ ಮನೆಯವರಿಗೆಲ್ಲ ಬಡಿಸಿ, ತಾನು ಪುನಃ ತಂಗಳನ್ನೇ ತಿಂದಂತಾಯಿತು. ಆದ್ದರಿಂದ ನನ್ನ ಸಲಹೆ ಇಷ್ಟು: ಹಿಟ್ಟು ಕದಡುವವರು ಒಬ್ಬರಾದರೆ ಹಂಚಿನ ಮುಂದೆ ನಿಲ್ಲುವವರು ಸರದಿಯಂತೆ ಬದಲಾಗಲಿ. ಹತ್ತು-ಹನ್ನೆರಡು ವರ್ಷದ ಹುಡುಗನೂ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಇದನ್ನು ಮಗುಚಿಹಾಕಬಲ್ಲ. ಅವನು ಬೇಯಿಸಿದ ಮೊದಲ ತುಂಡು ಅವ್ವನಿಗೆ ಹೋಗಲಿ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಸುಮಾರು ಶೇ. 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿಯೇ. ಉಂಡ ಮೇಲೆ ಗಂಗಾಳ ತೊಳೆದು ಆ ನೀರನ್ನೂ ಕುಡಿಯುತ್ತಿದ್ದ ಹಿರಿಯರನ್ನು ಕಂಡವರು ನಾವು. ಆ ಮಿತವ್ಯಯವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಭಾರವನ್ನು ಒಂದೇ ತಲೆಯ ಮೇಲೆ ಹೊರಿಸಬಾರದೆಂದು ಹೇಳುತ್ತಿದ್ದೇನೆ.

ನೀವು ಬೆಂಗಳೂರಿನಲ್ಲಿರಿ, ಹೊರದೇಶದಲ್ಲಿರಿ, ಇಲ್ಲಿಯೇ ಹೊಲ ನೋಡಿಕೊಂಡಿರಿ. ಬ್ರೆಡ್ ಉಳಿದರೆ ಫ್ರೆಂಚ್ ಟೋಸ್ಟ್ ಮಾಡಿರಿ, ರೊಟ್ಟಿ ಉಳಿದರೆ ಮಜ್ಜಿಗೆಗೆ ಹಾಕಿರಿ ಇಲ್ಲವೇ ಒಗ್ಗರಣೆ ಕೊಡಿರಿ. ಏನೇ ಮಾಡಿದರೂ ಎಲ್ಲರೂ ಒಟ್ಟಿಗೆ ಕೂತು ಸಮಪಾಲಾಗಿ ಉಣ್ಣಿರಿ. ನಿಮ್ಮ ಮನೆಯ ರೊಟ್ಟಿ ಬುಟ್ಟಿಯ ತಳದ ರೊಟ್ಟಿಯನ್ನು ಇಂದು ಯಾರು ಉಂಡರು ಎಂಬುದನ್ನು ಒಮ್ಮೆ ಗಮನಿಸಿರಿ.

ಎಲ್ಲರಿಗೂ ಶುಭವಾಗಲಿ.