ಪೆರೋಲ್ ಯಾರಿಗೆ ಸಲ್ಲಬೇಕು?

ಸದ್ಭಕ್ತರು ವಿಚಾರಿಸಬೇಕಾದ ಮಾತೊಂದುಂಟು. ಹರಿಹರದ ಅಥವಾ ದಾವಣಗೆರೆಯ ಕೈದಿಯೊಬ್ಬನು ಪೆರೋಲ್ ಕೋರಿದರೆ ಅವನೂರಿನ ಠಾಣೆಯ ವರದಿಯನ್ನು ತರಿಸುತ್ತಾರೆ. ಊರಿನ ಶಾಂತಿ ಕದಡೀತೆಂಬ ಒಂದೇ ಸಾಲು ಸೆರೆಮನೆಯೊಳಗಿನ ಹತ್ತು ವರ್ಷಗಳ ಸನ್ನಡತೆಯನ್ನು ಅಳಿಸಿಬಿಡಬಲ್ಲದು.

2024ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ರಾಮನಗರ ಜಿಲ್ಲೆಯ ಕೈದಿಯೊಬ್ಬನಿಗೆ ಹೊಲದ ಕಾಯಕಕ್ಕಾಗಿ 90 ದಿನಗಳ ಪೆರೋಲ್ ನೀಡಿತು. ವಾರಕ್ಕೊಮ್ಮೆ ಠಾಣೆಗೆ ಹಾಜರಾಗಬೇಕೆಂದು ಷರತ್ತು ವಿಧಿಸಿತು. ಅದೇ ಕೋರಿಕೆಯನ್ನು ಅಧಿಕಾರಿಗಳು ಮೊದಲು ನಿರಾಕರಿಸಿದ್ದರು. ನ್ಯಾಯಾಲಯದ ಮೆಟ್ಟಿಲೇರಲು ಶಕ್ತಿಯಿಲ್ಲದವನ ಗತಿಯೇನು? ಹರಿಹರದ ಗದ್ದೆಯಲ್ಲಿಯೂ ನಾಟಿಯ ಹದ ಯಾರಿಗೂ ಕಾಯದು.

ಹತನಾದವನ ಮನೆಯವರ ಭಯವನ್ನು ಕಡೆಗಣಿಸಲಾಗದು, ಅವರನ್ನು ಕೇಳಲೇಬೇಕು. ಆದರೆ ಭಯವಿದೆಯೆಂದು ಬರೆಯುವ ಠಾಣೆಯು ಅದು ಯಾರದು, ಏತಕ್ಕೆ ಎಂಬುದನ್ನೂ ಬರೆಯಲಿ. ಕಾರಣ ಕಾಣಿಸದ ವರದಿಯನ್ನು ಕಾರಾಗೃಹದ ಅಧಿಕಾರಿಗಳು ಹಿಂದಿರುಗಿಸಲಿ.