ಪಾಸ್‌ವರ್ಡಿಗೆ ಬಾರದ ಸಂಖ್ಯೆ

ಅಲ್ಲಾ ಸ್ವಾಮಿ, ಒಂದು ಸಂಖ್ಯೆ ಸುಮ್ನೆ ಸಂಖ್ಯೆಯಾಗಿ ಇರಬಾರದಾ? ಹುಟ್ಟಿದ ದಿನವೇ ಅದಕ್ಕೊಂದು ನೌಕರಿ ಕೊಡಿಸಲೇಬೇಕಾ?

2024ರ ಅಕ್ಟೋಬರಿನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್, ಅಲ್ಲಿಯವರೆಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಕಂಡುಹಿಡಿದರು. 13,62,79,841 ಎರಡುಗಳನ್ನು ಸಾಲಾಗಿಟ್ಟು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಅದು ಸಿಗುತ್ತದೆ. ಪೂರ್ತಿ ಬರೆದರೆ 4,10,24,320 ಅಂಕಿ. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗೋದಿಲ್ಲ.

ಅಣ್ಣನ ಮಗಳು ಕೇಳಿದಳು, "ಇದರಿಂದ ಏನ್ ಉಪಯೋಗ?" ನಾನೂ ಎಲ್ಲರ ಹಾಗೆ, "ಬ್ಯಾಂಕ್ ಪಾಸ್‌ವರ್ಡ್ ಭದ್ರ ಮಾಡೋಕೆ" ಅಂದುಬಿಟ್ಟೆ. "ಊರಿಗೆಲ್ಲ ಗೊತ್ತಿರೋ ನಂಬರು ಗುಟ್ಟು ಹೇಗಾಗುತ್ತೆ ಚಿಕ್ಕಪ್ಪ?" ಅಂದಳು. ನನ್ನ ಬಾಯಿ ಕಟ್ಟಿತು.

ಅವಳ ಮಾತೇ ಸರಿ. ಆರ್‌ಎಸ್‌ಎ ಎಂಬ ಬೀಗಕ್ಕೆ ಬೇಕಾಗುವುದು ಗುಟ್ಟಾಗಿ ಆರಿಸಿದ ಎರಡು ಅವಿಭಾಜ್ಯಗಳು; ಒಂದೊಂದಕ್ಕೆ ಮುನ್ನೂರು ಚಿಲ್ಲರೆ ಅಂಕಿ ಇದ್ದರೆ ಸಾಮಾನ್ಯವಾಗಿ ಸಾಕು. ಈ ದೈತ್ಯನನ್ನು ಕೀಲಿ ಮಾಡ್ಕೊಳ್ಳೋದು ಬೀಗದ ಪಕ್ಕದಲ್ಲೇ ಬೀಗದಕೈ ನೇತುಹಾಕಿದ ಹಾಗೆ. ಹುಡುಕಾಟದ ತಂತ್ರಾಂಶದಿಂದ ಕಂಪ್ಯೂಟರುಗಳ ತಾಕತ್ತು ಪರೀಕ್ಷಿಸುತ್ತಾರೆ, ನಿಜ. ಆದರೆ ಅದು ಹುಡುಕಾಟದ ಲಾಭ, ಸಂಖ್ಯೆಯದ್ದಲ್ಲ.

ಸಂಖ್ಯೆಯ ಸೊಗಸೇ ಬೇರೆ. ಅದರ ಕೊನೆಯ ಅಂಕಿ ಹೇಳೋಕೆ ಕಂಪ್ಯೂಟರ್ ಬೇಡ. ಎರಡನ್ನು ಗುಣಿಸುತ್ತಾ ಹೋದರೆ ಕೊನೆಯ ಅಂಕಿ 2, 4, 8, 6 ಅಂತ ಸುತ್ತುತ್ತೆ. 13,62,79,841ನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1. ಅಂದರೆ ಕೊನೆಗೆ 2. ಒಂದು ಕಳೆದರೆ 1. ಮುಗೀತು.

ಅವಿಭಾಜ್ಯ ಹೌದೋ ಅಲ್ಲವೋ ಎಂದು ಖಚಿತಪಡಿಸಿದ ಲ್ಯೂಕಾಸ್-ಲೆಹ್ಮರ್ ಪರೀಕ್ಷೆಯನ್ನೂ ಮನೆಯಲ್ಲೇ ಮಾಡಬಹುದು. 31 ತಗೊಳ್ಳಿ, ಐದು ಎರಡುಗಳ ಗುಣಲಬ್ಧದಲ್ಲಿ ಒಂದು ಕಮ್ಮಿ. ಶುರು 4ರಿಂದ. ವರ್ಗ ಮಾಡಿ 2 ಕಳೆಯಿರಿ: 14. ಮತ್ತೆ ಹಾಗೇ ಮಾಡಿ: 194, 31ರಿಂದ ಭಾಗಿಸಿ ಉಳಿದ ಶೇಷ 8 ಇಟ್ಟುಕೊಳ್ಳಿ. ಮತ್ತೆ: 62; ಶೇಷ ಸೊನ್ನೆ. ಐದಕ್ಕೆ ಎರಡು ಕಮ್ಮಿ, ಅಂದರೆ ಮೂರನೇ ಸಲಕ್ಕೆ ಸೊನ್ನೆ ಬಂತು, 31 ಅವಿಭಾಜ್ಯ. ದೈತ್ಯನಿಗೂ ಇದೇ ವಿಧಾನ, 13,62,79,839 ಸಲ.

ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ ಎಂದು ಯೂಕ್ಲಿಡ್ ಸಾಧಿಸಿ ತೋರಿಸಿ ಸುಮಾರು 2300 ವರ್ಷವಾಯಿತು. ಆಗ ಎಟಿಎಂ ಇರಲಿಲ್ಲ. ಉಪಯೋಗದ ಆಸೆ ತೋರಿಸದೆ ಮಕ್ಕಳು ಲೆಕ್ಕ ಕಲಿಯಲ್ಲ ಅನ್ನೋದು ನಾವು ದೊಡ್ಡವರು ಕಟ್ಟಿಕೊಂಡ ನಂಬಿಕೆ. ಅದಕ್ಕಾಗಿ ಸುಳ್ಳು ಹೇಳೋದು ಅವರ ಬುದ್ಧಿಗೆ ಮಾಡುವ ಅವಮಾನ. ಆ ಸುಳ್ಳನ್ನು ಅವರು ಹಿಡಿಯುತ್ತಾರೆ ಬೇರೆ.

ಮೇಷ್ಟ್ರೇ, ಪತ್ರಕರ್ತರೇ, ಇನ್ನೊಂದು ದೊಡ್ಡ ಅವಿಭಾಜ್ಯ ಸಿಕ್ಕ ದಿನ ಬ್ಯಾಂಕಿನ ಹೆಸರು ಎತ್ತಬೇಡಿ. ಮಕ್ಕಳ ಕೈಗೆ 127 ಕೊಡಿ. ಅದು ಏಳು ಎರಡುಗಳದ್ದು. ಐದನೇ ಸಲಕ್ಕೆ ಸೊನ್ನೆ ಬರಬೇಕು. ಬರುತ್ತಾ ಇಲ್ವಾ, ಅವರೇ ನೋಡ್ಕೊಳ್ಳಲಿ.